ಪೀಣ್ಯನಾ, ಧಾರವಾಡನಾ, ಚಾಕಣಾ? ಮೆಷಿನ್ ಆಪರೇಟರ್ ಸಂಬಳವನ್ನು ಊರಿನ ಖರ್ಚಿನ ಜೊತೆ ಇಟ್ಟು ನೋಡುವುದು ಹೇಗೆ

ಟರ್ನರ್ ಅಥವಾ ಮೆಷಿನಿಸ್ಟ್ ಟ್ರೇಡಿನಲ್ಲಿ ಐಟಿಐ ಮುಗಿಸಿ, ಎರಡು ಮೂರು ವರ್ಷ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕತ್ತರಿಸುವ ಮೆಷಿನ್) ಮುಂದೆ ನಿಂತವರ ಕೈಯಲ್ಲಿ ಒಮ್ಮೊಮ್ಮೆ ಒಟ್ಟಿಗೇ ಎರಡು ಮೂರು ಆಫರ್ ಇರುತ್ತವೆ. ಬೆಂಗಳೂರಿನ ಪೀಣ್ಯದಲ್ಲಿ ಒಂದು, ಧಾರವಾಡದಲ್ಲಿ ಒಂದು, ಪುಣೆಯ ಚಾಕಣದಲ್ಲಿ ಇನ್ನೊಂದು. ಮನೆಯವರು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಸಂಬಳ ಜಾಸ್ತಿ? ಹುಡುಗರೂ ಅದನ್ನೇ ನೋಡಿ ಬಸ್ ಹತ್ತುತ್ತಾರೆ. ಆರು ತಿಂಗಳು ಕಳೆದ ಮೇಲೆ ಊರಿಗೆ ಕಳಿಸೋಕೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ ಅಂತ ಗೊತ್ತಾಗುತ್ತದೆ.

ನಾನು ಹೇಳಬೇಕಾದ ಮಾತು ಇಷ್ಟೇ. ಓಟಿ (ಹೆಚ್ಚುವರಿ ಗಂಟೆ ಕೆಲಸದ ದುಡ್ಡು) ಬಿಟ್ಟು ಬರುವ ಸಂಬಳದಲ್ಲಿ, ಆ ಊರಿನ ಖರ್ಚೆಲ್ಲ ಕಳೆದು, ವರ್ಷದ ಕೊನೆಗೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ಹೋಲಿಸಿ ನೋಡಿ. ಆಫರ್ ಲೆಟರ್ ಮೇಲೆ ದಪ್ಪಕ್ಷರದಲ್ಲಿ ಇರುವ ಅಂಕಿ ಈ ಲೆಕ್ಕದ ಮೊದಲ ಸಾಲು ಮಾತ್ರ.

ಇಂಟರ್ನೆಟ್ಟಿನಲ್ಲಿ ಸಿಗುವ ‘ಜೀವನ ವೆಚ್ಚ’ದ ಪಟ್ಟಿಗಳನ್ನು ನಂಬಿ ಕೂರಬೇಡಿ. ಅವುಗಳಲ್ಲಿ ಹೆಚ್ಚಿನವು ಅಪಾರ್ಟ್‌ಮೆಂಟ್ ಬಾಡಿಗೆ, ಕ್ಯಾಬ್, ಹೋಟೆಲ್ ಊಟ ಇಟ್ಟುಕೊಂಡು ಮಾಡಿದವು. ಪೀಣ್ಯದ ಹತ್ತಿರದ ಲಗ್ಗೆರೆಯಲ್ಲಿ ಮೂವರು ಸೇರಿ ಒಂದು ರೂಮ್ ಹಿಡಿಯುವವರಿಗೆ ಅವು ಕೆಲಸಕ್ಕೆ ಬರುವುದಿಲ್ಲ. ಇನ್ನು ಕೆಲವರು ಸರ್ಕಾರದ ಬೆಲೆ ಸೂಚ್ಯಂಕ ತೋರಿಸುತ್ತಾರೆ. ಕೈಗಾರಿಕಾ ಕಾರ್ಮಿಕರಿಗೆ ಅಂತಲೇ ಲೇಬರ್ ಬ್ಯೂರೋ ಪ್ರತಿ ತಿಂಗಳು ದೇಶದ 88 ಕೇಂದ್ರಗಳ ಲೆಕ್ಕ ಇಟ್ಟು ಇದನ್ನು ತಯಾರಿಸುತ್ತದೆ. 2016ನ್ನು 100 ಅಂತ ಹಿಡಿದ ಲೆಕ್ಕ ಇದು. ಒಂದು ಊರಿನಲ್ಲಿ 2016ರಿಂದ ಬೆಲೆ ಎಷ್ಟು ಏರಿತು ಅನ್ನುವುದನ್ನು ಇದು ಹೇಳುತ್ತದೆ. ಆ ಊರು ಇನ್ನೊಂದು ಊರಿಗಿಂತ ದುಬಾರಿಯೋ ಅಗ್ಗವೋ ಅನ್ನುವುದನ್ನು ಹೇಳುವುದಿಲ್ಲ. ಅಗ್ಗದ ಊರಿನಲ್ಲಿ ಬೆಲೆ ಬೇಗ ಏರಿದ್ದರೆ ಅದರ ಸೂಚ್ಯಂಕವೇ ಮೇಲಿರುತ್ತದೆ. ತುಟ್ಟಿಭತ್ಯೆ ಲೆಕ್ಕಕ್ಕೆ ಇದು ಬೇಕು. ಊರು ಆರಿಸೋಕೆ ಬೇಡ.

ಮೊದಲು ಸಂಬಳವನ್ನು ಬಿಚ್ಚಿ ನೋಡಿ

‘ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ’ ಅಂತ ಕಾಂಟ್ರಾಕ್ಟರ್ ಫೋನಿನಲ್ಲಿ ಹೇಳಿದರೆ ಕೇಳಬೇಕಾದ ಮೊದಲ ಮಾತು: ಅದು ಸಿಟಿಸಿನಾ, ಗ್ರಾಸ್ಸಾ, ಇನ್‌ಹ್ಯಾಂಡಾ? ಸಿಟಿಸಿ ಅಂದರೆ ನಿಮಗಾಗಿ ಕಂಪನಿಗೆ ಆಗುವ ಒಟ್ಟು ಖರ್ಚು, ಗ್ರಾಸ್ ಅಂದರೆ ಕಡಿತಕ್ಕೆ ಮುಂಚಿನ ಸಂಬಳ, ಇನ್‌ಹ್ಯಾಂಡ್ ಅಂದರೆ ಕೈಗೆ ಬರುವುದು. ಮೂರಕ್ಕೂ ನಡುವೆ ಸಾವಿರಗಟ್ಟಲೆ ಅಂತರ ಇರುತ್ತದೆ.

ಒಂದು ಸಂಬಳ ಚೀಟಿ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆ ನಾನೇ ಇಟ್ಟವು, ಶೇಕಡಾವಾರುಗಳು ನಿಜವಾದವು. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 3,000. ಇತರ ಭತ್ಯೆ 2,000. ಒಟ್ಟು ಗ್ರಾಸ್ 20,000. ಇದರಲ್ಲಿ ನಿಮ್ಮ ಪಾಲಿನ ಪಿಎಫ್ (ಭವಿಷ್ಯ ನಿಧಿ) ಬೇಸಿಕ್-ಡಿಎ ಮೇಲೆ ಶೇ 12, ಅಂದರೆ 1,800. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 0.75, ಅಂದರೆ 150. ಕೈಗೆ ಬರುವುದು 18,050.

ಇದೇ ಕೆಲಸವನ್ನು ಸಿಟಿಸಿ ಭಾಷೆಯಲ್ಲಿ ಹೇಳಿದರೆ ಅಂಕಿ ಉಬ್ಬುತ್ತದೆ. ಕಂಪನಿ ಕಟ್ಟುವ ಪಿಎಫ್ 1,800, ಕಂಪನಿ ಪಾಲಿನ ಇಎಸ್‌ಐ ಶೇ 3.25ರಂತೆ 650, ಬೋನಸ್ ಶೇ 8.33ರಂತೆ 1,250, ಗ್ರಾಚುಯಿಟಿಗೆ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಅಂತ ಸುಮಾರು 720. ಎಲ್ಲ ಕೂಡಿಸಿದರೆ 24,400 ದಾಟುತ್ತದೆ. ಫೋನಿನಲ್ಲಿ ಕೇಳಿದ್ದಕ್ಕೂ ಬ್ಯಾಂಕಿಗೆ ಬಿದ್ದಿದ್ದಕ್ಕೂ ಸುಮಾರು ಆರು ಸಾವಿರ ವ್ಯತ್ಯಾಸ. ಇದರಲ್ಲಿ ಮೋಸ ಏನೂ ಇಲ್ಲ. ಆದರೆ ಒಂದು ಊರಿನ ಸಿಟಿಸಿಯನ್ನು ಇನ್ನೊಂದು ಊರಿನ ಇನ್‌ಹ್ಯಾಂಡ್ ಜೊತೆ ಹೋಲಿಸಿದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಪಿಎಫ್ ಕಡಿಮೆ ಹಿಡಿಯಲಿ ಅಂತ ಬೇಸಿಕ್ಕನ್ನು ಚಿಕ್ಕದು ಮಾಡಿ, ಭತ್ಯೆಗಳನ್ನು ದೊಡ್ಡದು ಮಾಡುವ ಕಂಪನಿಗಳೂ ಇವೆ. ಕೈಗೆ ಬರುವ ದುಡ್ಡು ಸ್ವಲ್ಪ ಜಾಸ್ತಿ ಕಾಣುತ್ತದೆ. ಆದರೆ ಪಿಎಫ್, ಗ್ರಾಚುಯಿಟಿ, ಬೋನಸ್ ಎಲ್ಲವೂ ಸೊರಗುತ್ತವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ, ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನೂ ವೇತನ ಅಂತಲೇ ಹಿಡಿಯಬೇಕು. ಆದ್ದರಿಂದ ಆಫರ್ ಲೆಟರಿನಲ್ಲಿ ಬೇಸಿಕ್-ಡಿಎ ಅರ್ಧಕ್ಕಿಂತ ತೀರಾ ಕೆಳಗಿದ್ದರೆ ಯಾಕೆ ಅಂತ ಕೇಳಿ.

ಇಎಸ್‌ಐ ಬಗ್ಗೆ ಹುಡುಗರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ನನಗೆ ಇದು ದೊಡ್ಡ ವಿಷಯ. ತಿಂಗಳಿಗೆ 21,000ದ ಒಳಗೆ ಇರುವವರೆಗೆ ಇಎಸ್‌ಐ ಇರುತ್ತದೆ. ನಿಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. 20,800ರ ಆಫರ್‌ಗೂ 21,500ರ ಆಫರ್‌ಗೂ ಇರುವ 700 ರೂಪಾಯಿ ವ್ಯತ್ಯಾಸದಲ್ಲಿ ಒಂದು ಇಡೀ ಸಂಸಾರದ ಆಸ್ಪತ್ರೆ ಖರ್ಚು ಅಡಗಿದೆ. ಮನೆಯಲ್ಲಿ ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಮಿತಿ ದಾಟುವ ಆಫರಿನಲ್ಲಿ ಕಂಪನಿಯ ಮೆಡಿಕಲ್ ಇನ್ಶೂರೆನ್ಸ್ ಇದೆಯಾ, ಅದರಲ್ಲಿ ಅಪ್ಪ ಅಮ್ಮ ಸೇರುತ್ತಾರಾ ಅಂತ ಕೇಳಲೇಬೇಕು.

ರಾಜ್ಯ ಬದಲಾದರೆ ಒಂದು ಸಣ್ಣ ಕಡಿತವೂ ಬದಲಾಗುತ್ತದೆ. ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ. ಮಹಾರಾಷ್ಟ್ರದಲ್ಲಿ 10,000 ದಾಟಿದ ಗಂಡಸರಿಗೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ಹಿಡಿಯುತ್ತಾರೆ. ಹೆಂಗಸರಿಗೆ ಅಲ್ಲಿ 25,000ದವರೆಗೆ ವಿನಾಯಿತಿ ಇದೆ. ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಯ ಲೆಕ್ಕದಲ್ಲಿ ಆರು ತಿಂಗಳಿಗೊಮ್ಮೆ ಕಡಿತ ಆಗುತ್ತದೆ.

ಓಟಿಯನ್ನು ಸಂಬಳ ಅಂದುಕೊಳ್ಳಬೇಡಿ

‘ಓಟಿ ಸೇರಿ ಇಪ್ಪತ್ತೆಂಟು ಸಾವಿರ ಆರಾಮಾಗಿ ಆಗುತ್ತೆ’ ಅನ್ನುವ ಮಾತು ಎಲ್ಲ ಊರಲ್ಲೂ ಕೇಳುತ್ತದೆ. ಆರ್ಡರ್ ಇದ್ದಾಗ ಆಗುತ್ತದೆ. ಆರ್ಡರ್ ಬಿದ್ದುಹೋದ ತಿಂಗಳು ಮೊದಲು ನಿಲ್ಲುವುದೇ ಓಟಿ. ಬಾಡಿಗೆ, ಚೀಟಿ ಕಂತು, ಬೈಕ್ ಲೋನ್ ಮಾತ್ರ ನಿಲ್ಲುವುದಿಲ್ಲ.

ಓಟಿ ದರವನ್ನೂ ಕೇಳಿ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೊಡಬೇಕು ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಇರುವ ನಿಯಮ, ಹೊಸ ಸಂಹಿತೆಯಲ್ಲೂ ಇದೆ. ಆದರೂ ಸಣ್ಣ ಶೆಡ್ಡುಗಳಲ್ಲಿ ‘ಸಿಂಗಲ್ ಓಟಿ’ ನಡೆಯುತ್ತದೆ. ಬೇಸಿಕ್-ಡಿಎ 15,000 ಅಂದರೆ 26 ದಿನಕ್ಕೆ, ದಿನಕ್ಕೆ 8 ಗಂಟೆಗೆ ಭಾಗಿಸಿದರೆ ಗಂಟೆಗೆ 72 ರೂಪಾಯಿ ಚಿಲ್ಲರೆ. ತಿಂಗಳಿಗೆ 40 ಗಂಟೆ ಓಟಿಗೆ ಸಿಂಗಲ್ ಆದರೆ ಸುಮಾರು 2,885, ಡಬಲ್ ಆದರೆ 5,770. ಅದೇ ಬೆವರು, ಅದೇ ನಿದ್ದೆಗೆಡುವುದು, ದುಡ್ಡು ಅರ್ಧ. ಎರಡು ಆಫರ್‌ಗಳ ಗ್ರಾಸ್ ಸಮ ಇದ್ದರೂ ಓಟಿ ದರ ಬೇರೆ ಇದ್ದರೆ ಅವು ಸಮ ಅಲ್ಲ.

ಹಾಗಾಗಿ ಮೊದಲ ಸುತ್ತಿನ ಹೋಲಿಕೆಯಲ್ಲಿ ಓಟಿಯನ್ನು ಸೊನ್ನೆ ಅಂತಲೇ ಹಿಡಿಯಿರಿ. ಓಟಿ ಇಲ್ಲದೆಯೂ ತಿಂಗಳು ಸಾಗುವ ಊರನ್ನು ಆರಿಸಿಕೊಂಡರೆ, ಬಂದ ಓಟಿ ದುಡ್ಡು ನಿಜವಾದ ಉಳಿತಾಯ ಆಗುತ್ತದೆ.

ಖರ್ಚಿನಲ್ಲಿ ಮರೆತುಹೋಗುವ ಬಾಬ್ತುಗಳು

ಬಾಡಿಗೆ ಎಲ್ಲರೂ ಕೇಳುತ್ತಾರೆ. ಅಡ್ವಾನ್ಸ್ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಐದಾರು ತಿಂಗಳ ಬಾಡಿಗೆಯಷ್ಟು, ಕೆಲವೆಡೆ ಹತ್ತು ತಿಂಗಳಿನಷ್ಟು ಅಡ್ವಾನ್ಸ್ ಕೇಳುವ ರೂಢಿ ಇದೆ. 9,000ದ ಮನೆಗೆ 50,000 ಅಡ್ವಾನ್ಸ್ ಅಂದರೆ ಮೂವರಲ್ಲಿ ಒಬ್ಬೊಬ್ಬರಿಗೆ 16,667. ಇದನ್ನು ಸಾಲ ಮಾಡಿ ಕೊಟ್ಟರೆ ಬಡ್ಡಿಯನ್ನೂ ಬಾಡಿಗೆಗೆ ಸೇರಿಸಿ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ವರ್ಷಕ್ಕೊಮ್ಮೆ ರೂಮ್ ಬದಲಿಸುವವರಿಗೆ ಇದು ತಿಂಗಳಿಗೆ ಇನ್ನೊಂದು ಬಾಬ್ತು ಇದ್ದ ಹಾಗೆಯೇ. ನೀರು ಕಾವೇರಿಯದ್ದಾ, ಬೋರ್‌ವೆಲ್ಲಾ, ಟ್ಯಾಂಕರ್ರಾ ಅಂತ ನೋಡಿ. ಟ್ಯಾಂಕರ್ ಮನೆ ಆದರೆ ಬೇಸಿಗೆಯಲ್ಲಿ ಮಾಲೀಕರು ತಲೆಗಿಷ್ಟು ಅಂತ ನೀರಿನ ದುಡ್ಡು ಏರಿಸುತ್ತಾರೆ.

ಕರೆಂಟ್ ವಿಷಯದಲ್ಲಿ ಕರ್ನಾಟಕದಲ್ಲಿ ಒಂದು ಅನುಕೂಲ ಇದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ 200 ಯೂನಿಟ್ ವರೆಗೆ. ಆದರೆ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ನಂಬರ್) ಇರಬೇಕು. ಒಂದೇ ಮೀಟರಿನಿಂದ ಎಂಟು ರೂಮಿಗೆ ಸಬ್ ಮೀಟರ್ ಹಾಕಿರುವ ವಠಾರದಲ್ಲಿ ಮಾಲೀಕರು ಹೇಳಿದ್ದೇ ದರ. ಹೊಸೂರಿನಲ್ಲಿ ತಮಿಳುನಾಡಿನ ಲೆಕ್ಕದಲ್ಲಿ ಮನೆಗಳಿಗೆ ಮೊದಲ 100 ಯೂನಿಟ್ ಉಚಿತ, ಅಲ್ಲಿಯೂ ಇದೇ ಸಬ್ ಮೀಟರ್ ತೊಂದರೆ.

ಊಟ ಅಂದರೆ ಕ್ಯಾಂಟೀನ್. ದಿನಕ್ಕೆ ಒಂದು ಊಟ, ಎರಡು ಟೀ ಕಂಪನಿಯಲ್ಲಿ ಸಬ್ಸಿಡಿ ದರಕ್ಕೆ ಸಿಕ್ಕರೆ ಅದು ಕಣ್ಣಿಗೆ ಕಾಣದ ಇನ್ಕ್ರಿಮೆಂಟ್. ಹೊರಗೆ ಒಂದು ಊಟಕ್ಕೆ 60 ರೂಪಾಯಿ ಅಂದುಕೊಂಡರೂ 26 ದಿನಕ್ಕೆ 1,560. ಸಂಬಳದಲ್ಲಿ ಕ್ಯಾಂಟೀನ್ ಕಡಿತ ಎಷ್ಟು ಅಂತ ಕೇಳಿ ಇದರಲ್ಲಿ ಕಳೆಯಿರಿ.

ಓಡಾಟದಲ್ಲಿ ದುಡ್ಡಿಗಿಂತ ಸಮಯ ನುಂಗುತ್ತದೆ. ಫಸ್ಟ್ ಶಿಫ್ಟ್ 6 ಗಂಟೆಗೆ ಶುರುವಾದರೆ ನೀವು 5.45ಕ್ಕೆ ಗೇಟಿನಲ್ಲಿ ಪಂಚ್ ಮಾಡಿರಬೇಕು. ಆ ಹೊತ್ತಿಗೆ ತಲುಪಿಸುವ ಬಸ್ಸೋ ಮೆಟ್ರೋನೋ ಇದೆಯಾ? ಸೆಕೆಂಡ್ ಶಿಫ್ಟ್ ರಾತ್ರಿ 10ಕ್ಕೆ ಬಿಟ್ಟಾಗ ವಾಪಸ್ ಬರೋಕೆ? ಇಲ್ಲ ಅಂದರೆ ಗಾಡಿ ಬೇಕು, ಪೆಟ್ರೋಲ್ ಬೇಕು. ಕಂಪನಿ ಬಸ್ ಇದ್ದರೆ ಅದು ನಿಮ್ಮ ರೂಮಿನಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅಂತಲೂ ಕೇಳಿ.

ಕೊನೆಯದು ಊರಿಗೆ ಹೋಗಿಬರುವ ಖರ್ಚು. ಗಣೇಶ ಹಬ್ಬ, ದೀಪಾವಳಿ, ಊರ ಜಾತ್ರೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಇನ್ನೆರಡು ಸಲ. ಹಬ್ಬದ ಸಮಯದಲ್ಲಿ ರೈಲಿನಲ್ಲಿ ಸೀಟ್ ಸಿಗದೆ ಖಾಸಗಿ ಸ್ಲೀಪರ್ ಬಸ್ ಹಿಡಿದರೆ ಒಂದು ಟ್ರಿಪ್ಪಿಗೇ ವಾರದ ಊಟದ ದುಡ್ಡು ಹೋಗುತ್ತದೆ. ಹೋದ ದಿನಗಳ ಅಟೆಂಡೆನ್ಸ್ ಬೋನಸ್ ಕಟ್ ಆಗುವುದು ಬೇರೆ.

ಮೂರು ಆಫರ್, ಒಂದೇ ಹಾಳೆ

ಈಗ ಲೆಕ್ಕ ಹಾಕೋಣ. ಹಾವೇರಿ ಕಡೆಯ ಹುಡುಗ, ಮದುವೆ ಆಗಿಲ್ಲ, ಎರಡು ವರ್ಷದ ವಿಎಂಸಿ (ಒಂದು ಬಗೆಯ ಸಿಎನ್‌ಸಿ ಮೆಷಿನ್) ಅನುಭವ. ಅಂಕಿಗಳು ಉದಾಹರಣೆಗೆ ಇಟ್ಟವು. ನಿಮ್ಮ ಆಫರ್ ಲೆಟರ್, ನಿಮ್ಮ ರೂಮಿನ ಬಾಡಿಗೆ ಹಾಕಿ ಮತ್ತೆ ಮಾಡಿ.

ಪೀಣ್ಯ: ಗ್ರಾಸ್ 20,000, ಮೇಲೆ ನೋಡಿದ ಹಾಗೆ ಕೈಗೆ 18,050. ಬಾಡಿಗೆ ಪಾಲು, ನೀರು, ಕರೆಂಟ್ 3,300. ಊಟ 5,000. ಓಡಾಟ 800. ಊರಿಗೆ ಹೋಗಿಬರಲು ತಿಂಗಳಿಗೆ ಸರಾಸರಿ 1,200. ಮೊಬೈಲ್, ಸೋಪು, ಕಟಿಂಗ್, ಬಟ್ಟೆ ಎಲ್ಲ ಸೇರಿ 1,500. ಖರ್ಚು 11,800. ಉಳಿಯುವುದು 6,250.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ: ಗ್ರಾಸ್ 16,000, ಅದರಲ್ಲಿ ಬೇಸಿಕ್-ಡಿಎ 13,000. ಪಿಎಫ್ 1,560, ಇಎಸ್‌ಐ 120 ಹೋಗಿ ಕೈಗೆ 14,320. ರೂಮ್ 1,900, ಊಟ 3,800, ಕಂಪನಿ ಬಸ್ಸಿನ ಕಡಿತ 400, ಊರಿಗೆ 400, ಇತರೆ 1,200. ಖರ್ಚು 7,700. ಉಳಿಯುವುದು 6,620.

ಚಾಕಣ: ಗ್ರಾಸ್ 21,000, ಬೇಸಿಕ್-ಡಿಎ 15,000. ಪಿಎಫ್ 1,800, ಇಎಸ್‌ಐ 158, ವೃತ್ತಿ ತೆರಿಗೆ 200 ಹೋಗಿ ಕೈಗೆ 18,842. ರೂಮ್ 2,800, ಮೆಸ್ 4,800, ಓಡಾಟ 600, ಊರಿಗೆ 1,500, ಇತರೆ 1,500. ಖರ್ಚು 11,200. ಉಳಿಯುವುದು 7,642.

ಗ್ರಾಸ್ ನೋಡಿದಾಗ ಧಾರವಾಡ ಪೀಣ್ಯಕ್ಕಿಂತ 4,000 ಹಿಂದಿತ್ತು. ಉಳಿತಾಯದಲ್ಲಿ 370 ಮುಂದಿದೆ. ರೂಮಿನಿಂದ ಹೊರಗಿರುವ ಗಂಟೆಗಳನ್ನೂ ತೆಗೆದುಕೊಳ್ಳಿ. ಪೀಣ್ಯದಲ್ಲಿ ಶಿಫ್ಟ್, ಓಡಾಟ ಸೇರಿ ದಿನಕ್ಕೆ ಹತ್ತೂವರೆ ಗಂಟೆ, ಉಳಿದ ಎರಡು ಕಡೆ ಹತ್ತು ಗಂಟೆ ಅಂದುಕೊಂಡರೆ, ಹೊರಗಿದ್ದ ಪ್ರತಿ ಗಂಟೆಗೆ ಉಳಿಯುವುದು ಪೀಣ್ಯದಲ್ಲಿ ಸುಮಾರು 23 ರೂಪಾಯಿ, ಧಾರವಾಡದಲ್ಲಿ 25, ಚಾಕಣದಲ್ಲಿ 29.

ಹಾಗಾದರೆ ಚಾಕಣಕ್ಕೆ ಟಿಕೆಟ್ ಬುಕ್ ಮಾಡೋಣವಾ? ಇಲ್ಲಿ ಒಂದು ಪ್ರಶ್ನೆ ಬಾಕಿ ಇದೆ. ಕೆಲಸ ಎಷ್ಟು ತಿಂಗಳಿಗೆ? ವಾಹನ ಕಾರ್ಖಾನೆಗಳಿರುವ ಪ್ರದೇಶಗಳಲ್ಲಿ ಏಳು ತಿಂಗಳೋ ಹನ್ನೊಂದು ತಿಂಗಳೋ ಕೆಲಸ ಕೊಟ್ಟು ‘ಬ್ರೇಕ್’ ಕೊಡುವುದು ಹಳೆಯ ರೂಢಿ. ಇದು ಚಾಕಣದಲ್ಲಿ ಮಾತ್ರ ಅಂತೇನಿಲ್ಲ, ಬಿಡದಿಯಲ್ಲೂ ಹೊಸೂರಿನಲ್ಲೂ ಇದೇ ಪ್ರಶ್ನೆ ಕೇಳಬೇಕು. ಚಾಕಣದ ಕೆಲಸ ವರ್ಷದಲ್ಲಿ ಹತ್ತೇ ತಿಂಗಳು ಅಂತಾದರೆ ಉಳಿತಾಯ 76,420. ಖಾಲಿ ಕೂತ ಎರಡು ತಿಂಗಳು ಊರಲ್ಲಿದ್ದರೂ ತಿಂಗಳಿಗೆ 3,000 ಖರ್ಚು ಆಯಿತು ಅಂದುಕೊಳ್ಳಿ, ಉಳಿದದ್ದು 70,420. ಹನ್ನೆರಡು ತಿಂಗಳೂ ಕೆಲಸ ಇರುವ ಪೀಣ್ಯದಲ್ಲಿ 75,000. ಧಾರವಾಡದಲ್ಲಿ 79,440. ತಿಂಗಳ ಲೆಕ್ಕದಲ್ಲಿ ಮೊದಲಿದ್ದ ಊರು ವರ್ಷದ ಲೆಕ್ಕದಲ್ಲಿ ಕೊನೆಗೆ ಬಂತು. ಕೆಲಸ ಕಾಯಂ ಇರುವುದು ಅಂದರೆ ದುಡ್ಡೇ, ಅದನ್ನು ದುಡ್ಡಿನ ಲೆಕ್ಕಕ್ಕೇ ಸೇರಿಸಬೇಕು.

ಪಿಎಫ್ ಕೂಡ ನಿಮ್ಮದೇ ಉಳಿತಾಯ. ಬೇಸಿಕ್-ಡಿಎ 15,000 ಇದ್ದರೆ ನಿಮ್ಮ 1,800 ಜೊತೆ ಕಂಪನಿಯ ಪಾಲಿನಲ್ಲಿ 550 ಪಿಎಫ್ ಖಾತೆಗೆ, 1,250 ಪೆನ್ಷನ್ನಿಗೆ ಹೋಗುತ್ತದೆ. ಕೆಲಸ ಬಿಟ್ಟಾಗಲೆಲ್ಲ ಪಿಎಫ್ ಬಿಡಿಸಿ ಮೊಬೈಲ್ ಕೊಳ್ಳುವವರಿಗೆ ಈ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಯುಎಎನ್‌ನಲ್ಲೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಮುಂದುವರಿಸುವವರಿಗೆ ಹತ್ತು ವರ್ಷದಲ್ಲಿ ಸೈಟ್ ಅಡ್ವಾನ್ಸಿನಷ್ಟು ಆಗುತ್ತದೆ.

ಊರೂರಿನ ಮಾತು

ಬೆಂಗಳೂರಿಗೆ ಯಾಕೆ ಹೋಗಬೇಕು ಅಂದರೆ ನನ್ನ ಉತ್ತರ ಸಂಬಳ ಅಲ್ಲ, ಕಲಿಕೆ. 1953ರಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ ಇಲ್ಲಿ ಮೆಷಿನ್ ಟೂಲ್ ಕಸುಬು ಬೇರು ಬಿಟ್ಟಿದೆ. ಪೀಣ್ಯದ ಒಂದು ಸಣ್ಣ ಜಾಬ್ ಶಾಪ್ (ಬೇರೆಯವರ ಆರ್ಡರಿಗೆ ಬಿಡಿಭಾಗ ಮಾಡಿಕೊಡುವ ಶೆಡ್) ಹೊಕ್ಕು ನೋಡಿ. ಬೆಳಿಗ್ಗೆ ಅಲ್ಯೂಮಿನಿಯಂ ಹೌಸಿಂಗ್, ಮಧ್ಯಾಹ್ನ ಸ್ಟೇನ್‌ಲೆಸ್ ಫ್ಲ್ಯಾಂಜ್. ವೈಸ್ ಬಿಚ್ಚಿ ಹೊಸ ಫಿಕ್ಸ್ಚರ್ ಕೂರಿಸಬೇಕು, ಡಯಲ್ ಹಿಡಿದು ಸೊನ್ನೆಗೆ ತರಬೇಕು, ಟೂಲ್ ಲೆಂಗ್ತ್ ಆಫ್‌ಸೆಟ್ ಕೊಡಬೇಕು, ಮೊದಲ ಪೀಸ್ ತೆಗೆದು ಬೋರ್ ಗೇಜ್ ಹಾಕಿ ಎರಡು ಮೈಕ್ರಾನ್ ಎಲ್ಲಿ ತಪ್ಪಿತು ಅಂತ ನೋಡಬೇಕು. ಎರಡು ವರ್ಷ ಹೀಗೆ ಕೆಲಸ ಮಾಡಿದವರು ಆಪರೇಟರ್ ಆಗಿ ಉಳಿಯುವುದಿಲ್ಲ, ಸೆಟ್ಟರ್ ಆಗುತ್ತಾರೆ. ಅಲ್ಲಿಂದ ಪ್ರೋಗ್ರಾಮಿಂಗಿಗೆ ದಾರಿ ಇದೆ. ದೊಡ್ಡ ಕಂಪನಿಯ ಲೈನಿನಲ್ಲಿ ಅದೇ ಎರಡು ವರ್ಷ ಒಂದೇ ಪೀಸ್ ಹಾಕಿ, ಸೈಕಲ್ ಸ್ಟಾರ್ಟ್ ಒತ್ತಿ, ತೆಗೆಯುವುದಷ್ಟೇ ಇರಬಹುದು. ಸಂಬಳ, ಕ್ಯಾಂಟೀನ್, ಬಸ್ ಎಲ್ಲ ಚೆನ್ನಾಗಿರುತ್ತದೆ, ಮುಂದಿನ ಇಂಟರ್‌ವ್ಯೂನಲ್ಲಿ ಹೇಳೋಕೆ ಮಾತ್ರ ಏನೂ ಇರುವುದಿಲ್ಲ. ವಯಸ್ಸು ಇಪ್ಪತ್ತೈದರ ಒಳಗಿದ್ದು ಮನೆಯ ಜವಾಬ್ದಾರಿ ಕಡಿಮೆ ಇದ್ದರೆ, ತಿಂಗಳಿಗೆ ಐನೂರು ರೂಪಾಯಿ ಕಡಿಮೆ ಉಳಿದರೂ ಕಲಿಸುವ ಶಾಪ್ ಆರಿಸಿ ಅಂತಲೇ ನಾನು ಹೇಳುವುದು.

ಪೀಣ್ಯದಲ್ಲಿ ರೂಮ್ ಅಂದರೆ ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿ, ಚೊಕ್ಕಸಂದ್ರ. ನಡೆದು ಹೋಗುವಷ್ಟು ಹತ್ತಿರ ರೂಮ್ ಸಿಕ್ಕರೆ ಮೇಲಿನ ಲೆಕ್ಕ ಪೀಣ್ಯದ ಕಡೆಗೇ ವಾಲುತ್ತದೆ. ಮೆಟ್ರೋ ಹಸಿರು ಮಾರ್ಗ 2024ರ ನವೆಂಬರಿನಿಂದ ಮಾದಾವರದವರೆಗೆ ಹೋಗುತ್ತಿದೆ, ಹಳದಿ ಮಾರ್ಗ 2025ರ ಆಗಸ್ಟಿನಿಂದ ಬೊಮ್ಮಸಂದ್ರ ಮುಟ್ಟಿದೆ. ಸುಲಭ ಹೌದು, ಅಗ್ಗ ಅಲ್ಲ. ಒಂದು ಕಡೆಗೆ 30 ರೂಪಾಯಿ ಆದರೂ ತಿಂಗಳಿಗೆ 1,560.

ಬೊಮ್ಮಸಂದ್ರ, ಜಿಗಣಿ ಕಡೆ ಕೆಲಸ ಮಾಡುವವರಿಗೆ ಹೊಸೂರು ಇನ್ನೊಂದು ಆಯ್ಕೆ. ಬೆಂಗಳೂರಿನಿಂದ 40 ಕಿಲೋಮೀಟರ್, ಗಡಿ ದಾಟಿದರೂ ಕನ್ನಡ ನಡೆಯುತ್ತದೆ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟನ್ ಇರುವ ಊರು, ಅವರಿಗೆ ಬಿಡಿಭಾಗ ಕೊಡುವ ನೂರಾರು ಶೆಡ್ಡುಗಳಿವೆ. ಕೆಲಸ ಅಲ್ಲಿ, ವಾಸ ಅತ್ತಿಬೆಲೆಯಲ್ಲಿ ಇಟ್ಟುಕೊಳ್ಳುವವರೂ ಇದ್ದಾರೆ. ಕನಿಷ್ಠ ವೇತನ ಮಾತ್ರ ತಮಿಳುನಾಡಿನದ್ದು ಅನ್ವಯ ಆಗುತ್ತದೆ ಅನ್ನುವುದು ನೆನಪಿರಲಿ.

ಮೈಸೂರು ಸಂಸಾರಸ್ಥರ ಊರು. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಆಚೆ ನಂಜನಗೂಡು. ರೂಮಿನಿಂದ ಕಾರ್ಖಾನೆಗೆ ಸೈಕಲ್ಲಿನಲ್ಲೂ ಹೋಗಬಹುದು. ಒಂದು ಕಂಪನಿ ಬಿಟ್ಟರೆ ಇನ್ನೊಂದು ಸಿಗೋಕೆ ಬೆಂಗಳೂರಿನಷ್ಟು ಬಾಗಿಲುಗಳಿಲ್ಲ, ಆದ್ದರಿಂದ ಇಲ್ಲಿ ಕಾಂಟ್ರಾಕ್ಟ್‌ಗಿಂತ ಪರ್ಮನೆಂಟ್ ಆಫರ್‌ಗೆ ಬೆಲೆ ಜಾಸ್ತಿ.

ಬೆಳಗಾವಿಯ ಉದ್ಯಮಬಾಗ್ ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸಕ್ಕೆ ಹೆಸರಾದದ್ದು. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತದೆ. ಐದು ಆ್ಯಕ್ಸಿಸ್ ಮೆಷಿನ್ ಕಲಿಯುವ ಆಸೆ ಇದ್ದು, ಮನೆ ಆ ಕಡೆ ಇದ್ದರೆ ಬೆಂಗಳೂರಿಗೆ ಓಡುವ ಮುಂಚೆ ಅಲ್ಲಿ ವಿಚಾರಿಸಿ. ತುಮಕೂರಿನ ವಸಂತನರಸಾಪುರವೂ ಬೆಳೆಯುತ್ತಿದೆ.

ಪುಣೆ ಎಲ್ಲರಿಗೂ ದೂರ ಅಲ್ಲ. ಕಲಬುರಗಿ, ವಿಜಯಪುರದವರಿಗೆ ಸೊಲ್ಲಾಪುರದ ಮೇಲೆ ಹೋದರೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿಯಿಂದ ನೇರ ಪುಣೆಗೆ ಹೋಗುತ್ತದೆ. ಮೆಸ್ಸಿನಲ್ಲಿ ಜೋಳದ ಭಕ್ರಿ ಸಿಗುತ್ತದೆ. ಹಾವೇರಿ ಹುಡುಗನ ಲೆಕ್ಕದಲ್ಲಿ ಊರಿಗೆ ಹೋಗುವ ಖರ್ಚು 1,500 ಇದ್ದದ್ದು ಕಲಬುರಗಿಯವರಿಗೆ ಇಳಿಯುತ್ತದೆ, ಧಾರವಾಡದ್ದು ಏರುತ್ತದೆ. ಅದೇ ಮೂರು ಆಫರ್ ಇಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವುದು ಹೀಗೆ.

ಸಂಸಾರ ಇದ್ದರೆ

ಮದುವೆಯಾದವರ ಹಾಳೆಯಲ್ಲಿ ಬಾಡಿಗೆಯ ಸಾಲೇ ಎಲ್ಲವನ್ನೂ ತಿರುಗಿಸುತ್ತದೆ. ಮೂವರಲ್ಲಿ ಹಂಚಿಕೊಳ್ಳುತ್ತಿದ್ದ ಬಾಡಿಗೆ ಒಬ್ಬರ ತಲೆಗೆ ಬರುತ್ತದೆ. ಸ್ಕೂಲ್ ಫೀಸ್, ಗ್ಯಾಸ್, ಹಾಲು. ಒಬ್ಬರ ದುಡಿಮೆಯಲ್ಲಿ ಬೆಂಗಳೂರಿನಲ್ಲಿ 20,000ಕ್ಕೆ ಸಂಸಾರ ಎಳೆಯುವುದು ತುಂಬಾ ಕಷ್ಟ. ಆ ಸಂಬಳಕ್ಕೆ ಮೈಸೂರೋ ಹುಬ್ಬಳ್ಳಿಯೋ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತೀರಿ ಅಂದರೆ ಲೆಕ್ಕ ಬೆಂಗಳೂರಿನ ಕಡೆ ತಿರುಗುತ್ತದೆ. ಪೀಣ್ಯ, ಬೊಮ್ಮನಹಳ್ಳಿ ಸುತ್ತಮುತ್ತ ಗಾರ್ಮೆಂಟ್ಸ್ ಇವೆ, ನಡೆದು ಹೋಗುವ ದೂರದಲ್ಲಿ ಎರಡನೇ ಸಂಬಳ ಸಿಗುತ್ತದೆ. ಸಣ್ಣ ಊರುಗಳಲ್ಲಿ ಆ ಎರಡನೇ ಕೆಲಸ ಸಿಗುವುದೇ ಕಷ್ಟ. ಕರ್ನಾಟಕದೊಳಗೆ ಹೆಂಗಸರ ಬಸ್ ಖರ್ಚು ಶಕ್ತಿ ಯೋಜನೆಯಿಂದ ಉಳಿಯುತ್ತದೆ. ಮಗು ಚಿಕ್ಕದಿದ್ದರೆ ಅದನ್ನು ನೋಡಿಕೊಳ್ಳೋಕೆ ಊರಿಂದ ಯಾರು ಬರುತ್ತಾರೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ನರಸಾಪುರ, ದೇವನಹಳ್ಳಿ, ಹೊಸೂರು ಕಡೆಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಅವಕಾಶ ಜಾಸ್ತಿ. ಹಾಸ್ಟೆಲ್ ಇದ್ದರೆ ಅಡ್ವಾನ್ಸ್, ರೂಮ್ ಹುಡುಕಾಟ ಎರಡೂ ತಪ್ಪುತ್ತವೆ. ಆದರೆ ಒಂದು ರೂಮಿಗೆ ಎಷ್ಟು ಜನ, ಊಟ ಹೇಗಿದೆ, ರಾತ್ರಿ ಶಿಫ್ಟ್ ಬಿಟ್ಟ ಮೇಲೆ ಬಸ್ ಹಾಸ್ಟೆಲ್ ಬಾಗಿಲಿಗೇ ಬರುತ್ತದಾ, ವಾರದ ರಜೆಯಲ್ಲಿ ಹೊರಗೆ ಬಿಡುತ್ತಾರಾ ಅಂತ ಅಲ್ಲಿರುವವರನ್ನೇ ಕೇಳಿ. ಹಾಸ್ಟೆಲ್ ದುಡ್ಡನ್ನು ಗ್ರಾಸಿನಲ್ಲಿ ಸೇರಿಸಿ ಮತ್ತೆ ಕಡಿತ ಮಾಡುವುದೂ ಉಂಟು.

ಹೂಂ ಅನ್ನುವ ಮುಂಚೆ

ಎಚ್‌ಆರ್ ಹೇಳಿದ್ದನ್ನು ಕೇಳಿ, ಆಮೇಲೆ ಅದೇ ಶಾಪಿನಲ್ಲಿ ನಿಮ್ಮ ದರ್ಜೆಯಲ್ಲೇ ಕೆಲಸ ಮಾಡುವ ಒಬ್ಬರಿಗೆ ಫೋನ್ ಮಾಡಿ. ನಿಮ್ಮ ಐಟಿಐಯ ಸೀನಿಯರ್ ಯಾರಾದರೂ ಇದ್ದೇ ಇರುತ್ತಾರೆ. ‘ಅಣ್ಣ, ಹೋದ ತಿಂಗಳು ಬ್ಯಾಂಕಿಗೆ ಎಷ್ಟು ಬಿತ್ತು, ಅದರಲ್ಲಿ ಓಟಿ ಎಷ್ಟು?’ ಅಂತ ನೇರ ಕೇಳಿ. ಸಂಬಳ ಎಷ್ಟನೇ ತಾರೀಖಿಗೆ ಆಗುತ್ತದೆ, ಕಾಂಟ್ರಾಕ್ಟಿನವರಲ್ಲಿ ಹೋದ ವರ್ಷ ಎಷ್ಟು ಜನ ಕಂಪನಿ ರೋಲಿಗೆ ಬಂದರು, ಬ್ರೇಕ್ ಎಷ್ಟು ದಿನ. ಅಪ್ರೆಂಟಿಸ್ ಅಂತ ಕರೆದಿದ್ದರೆ ಇನ್ನೊಂದು ಪ್ರಶ್ನೆ: ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಬರುವುದು ಸ್ಟೈಪೆಂಡ್, ಪಿಎಫ್-ಇಎಸ್‌ಐ ಇರುವುದಿಲ್ಲ. ತರಬೇತಿ ಮುಗಿದ ಮೇಲೆ ಅಲ್ಲೇ ತೆಗೆದುಕೊಳ್ಳುತ್ತಾರಾ?

ಸೇರಿದ ಮೇಲೆ ಮೊದಲ ಸಂಬಳ ಚೀಟಿಯನ್ನು ಆಫರ್ ಲೆಟರ್ ಪಕ್ಕ ಇಟ್ಟು ಸಾಲು ಸಾಲು ಹೋಲಿಸಿ. ಚೀಟಿ ಕೊಡದ ಕಾಂಟ್ರಾಕ್ಟರ್ ಹತ್ತಿರ ಚೀಟಿ ಕೇಳಿ ತೆಗೆದುಕೊಳ್ಳಿ. ಕಂಪನಿಗಳು ಪಿಎಫ್ ಮತ್ತು ಇಎಸ್‌ಐಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಆ ದಿನ ಕಳೆದ ಮೇಲೆ ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಚೀಟಿಯಲ್ಲಿ 1,800 ಹಿಡಿದು ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ ಅಂದರೆ ಮೊದಲ ತಿಂಗಳೇ ಎಚ್‌ಆರ್ ಹತ್ತಿರ ಹೋಗಿ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಪಿಎಫ್ ಕಚೇರಿಯ ಆನ್‌ಲೈನ್ ದೂರು ವಿಭಾಗ ಇದೆ. ಮತ್ತೆ ಆ ಎರಡನೇ ಆಫರ್ ಕೊಟ್ಟಿದ್ದ ಊರಿನ ನಂಬರ್ ಅಳಿಸಬೇಡಿ, ಮೂರು ತಿಂಗಳಾದರೂ ಇಟ್ಟುಕೊಂಡಿರಿ.